ಮೀನು ಬಂದರು

ಪಾಲುಮನೆಯ ಜಗಲಿ, ಮೇಲ್ಕೋಡಿ
ಸೋಣೆ ತಿಂಗಳ ನಲವತ್ತೊಂದನೆಯ ದಿನ
(ನಿಮ್ಮ ಎಣಿಕೆಯಲ್ಲಿ 2291ನೆಯ ಇಸವಿ)

ಹಿಂದಿನವರೇ,

ತಿಂಗಳಿಗೆ ನಲವತ್ತೊಂದು ದಿನ ಹೇಗೆ ಬಂತೆಂದು ನೀವು ಮೊದಲ ಸಾಲಿಗೇ ತಲೆ ಕೆರೆದುಕೊಂಡಿರಬೇಕು, ಕ್ಷಮೆಯಿರಲಿ. ನಮ್ಮಲ್ಲಿ ಬಂಗುಡೆಯವರು ದಡಕ್ಕೆ ಬರುವ ತನಕ ಸೋಣೆ ತಿಂಗಳು ಮುಗಿಯುವುದಿಲ್ಲ. ಅವರು ಬೇಗ ಬಂದ ವರ್ಷ ಇಪ್ಪತ್ತಕ್ಕೇ ಮುಗಿಸಿದ್ದೇವೆ, ತಡವಾದ ವರ್ಷ ಅರುವತ್ತರವರೆಗೆ ಎಳೆದಿದ್ದೇವೆ. ಪಂಚಾಂಗ ಬರೆಯುವವರು ಕೂಗಾಡಿ ಕೂಗಾಡಿ ಈಗ ಸುಮ್ಮನಾಗಿದ್ದಾರೆ. ಬಂಗುಡೆ ಮೀನನ್ನು ‘ಬಂಗುಡೆಯವರು’ ಎನ್ನುವ ಮಾತೂ ನಿಮ್ಮ ಕಿವಿಗೆ ವಿಚಿತ್ರವಾಗಿ ಕೇಳಿಸೀತು. ಆ ಒಂದು ಮಾತಿನ ಸಲುವಾಗಿಯೇ ಈ ಹಿಂದೋಲೆ ಬರೆಯುತ್ತಿದ್ದೇನೆ. ಹಿಂದೋಲೆ ಎಂದರೆ ಹಿಂದಿನವರಿಗೆ ಬರೆಯುವ ಕಾಗದ. ಮೇಣ ಸವರಿದ ಬಟ್ಟೆಯಲ್ಲಿ ಸುತ್ತಿ, ಮುಳುಗಿದ ಊರಿನ ಗೋಡೆಯ ಬಿರುಕಿಗೆ ಸಿಕ್ಕಿಸಿ ಬರುತ್ತೇವೆ. ಗೋಡೆ ನೀವು ಕಟ್ಟಿದ್ದು, ಆದ್ದರಿಂದ ಅದರ ಇನ್ನೊಂದು ಮಗ್ಗುಲಲ್ಲಿ ನೀವಿದ್ದೀರಿ ಎಂಬುದು ನಮ್ಮ ನಂಬಿಕೆ. ಇದುವರೆಗೆ ಯಾರಿಗೂ ಉತ್ತರ ಬಂದಿಲ್ಲ, ಯಾರೂ ಬರೆಯುವುದನ್ನು ಬಿಟ್ಟೂ ಇಲ್ಲ.

ನನ್ನ ಹೆಸರು ಅಕ್ಕಣಿ. ಮುಳುಗುಬರಹ ಓದುವುದು ನನ್ನ ಕಸುಬು. ಕಡಲು ಮೇಲೇರಿ ಕೆಳಕೋಡಿ ನೀರಿನಡಿಗೆ ಹೋದಾಗ ಜನ ಗುಡ್ಡ ಹತ್ತಿ ಈ ಮೇಲ್ಕೋಡಿ ಕಟ್ಟಿಕೊಂಡರು. ನಿಮ್ಮ ಮನೆ, ಅಂಗಡಿ, ಗೋಡೆಗಳೆಲ್ಲ ಕೆಳಗೇ ಉಳಿದವು. ದೊಡ್ಡ ಇಳಿತದ ದಿನ ಕಡಲು ಹಿಂದೆ ಸರಿದಾಗ ನಾನು ಮೊಣಕಾಲು ನೀರಿನಲ್ಲಿ ನಡೆದು ಹೋಗಿ, ಅಕ್ಷರ ಇರುವ ಏನೇ ಸಿಕ್ಕರೂ ತಂದು, ತೊಳೆದು, ಓದಿ, ಊರಿಗೆ ಹೇಳುತ್ತೇನೆ. ನಿಮ್ಮ ಅರ್ಧ ಸಾಹಿತ್ಯ ನನಗೆ ಸಿಕ್ಕಿದ್ದು ಬಾಟಲಿ ಮುಚ್ಚಳಗಳ ಮೇಲೆ. ಈ ಕಸುಬಿಗೆ ಒಂದೇ ಒಂದು ಆಣೆ ಇದೆ: ಸಿಕ್ಕ ಅಕ್ಷರವನ್ನು ಮುಚ್ಚಿಡಬಾರದು. ಹನ್ನೊಂದು ವರ್ಷದಿಂದ ಆ ಆಣೆ ನನಗೆ ಒಮ್ಮೆಯೂ ಭಾರ ಅನ್ನಿಸಿರಲಿಲ್ಲ.

ಕೆಳಕೋಡಿ ಈಗ ಹೇಗಿದೆ ಎಂದು ನಿಮಗೆ ಹೇಳದೆ ಮುಂದಕ್ಕೆ ಹೋಗಲು ಮನಸ್ಸು ಬರುತ್ತಿಲ್ಲ. ನಿಮ್ಮ ಕಾಂಕ್ರೀಟು ಗೋಡೆಗಳ ಮೇಲೆ ಒಂದು ಬೆರಳು ಇಡುವಷ್ಟೂ ಜಾಗ ಬಿಡದೆ ಚಿಪ್ಪಿನವರು ಕೂತಿದ್ದಾರೆ. ಮೆಟ್ಟಿಲುಗಳ ಮೇಲೆ ಚಾಪೆಯಷ್ಟು ಅಗಲದ ತೊರಕೆ ಮೀನಿನವರು ಮಲಗಿರುತ್ತಾರೆ. ನಾವು ‘ಸ್ವಲ್ಪ ದಾರಿ’ ಎಂದು ಹೇಳಿ, ಅವರು ರೆಕ್ಕೆ ಅಲುಗಿಸಿ ಎದ್ದು ಹೋಗುವವರೆಗೆ ನಿಂತಿರುತ್ತೇವೆ. ಅದು ಅವರಿಗೆ ಕೇಳಿಸುತ್ತದೆಯೇ ಎಂದು ಕೇಳಬೇಡಿ, ನಮಗೂ ಗೊತ್ತಿಲ್ಲ. ಹೋದ ವರ್ಷ ಒಬ್ಬ ತಿಮಿಂಗಿಲ ತಾಯಿ ಮರಿಯನ್ನು ಕರೆದುಕೊಂಡು ಅಳಿವೆಯ ಬಾಯಿಯವರೆಗೆ ಬಂದು ಒಂಬತ್ತು ದಿನ ಇದ್ದಳು. ಆಕೆ ಉಸಿರು ಬಿಟ್ಟಾಗ ಗುಡ್ಡದ ಮೇಲಿನ ನಮ್ಮ ಅಡುಗೆಮನೆಗೆ ಕೇಳಿಸುತ್ತಿತ್ತು, ಒಗ್ಗರಣೆ ಹಾಕುತ್ತಿದ್ದವರು ಸೌಟು ಹಿಡಿದುಕೊಂಡೇ ಹೊರಗೆ ಬಂದು ನಿಲ್ಲುತ್ತಿದ್ದರು. ಒಂಬತ್ತು ದಿನವೂ ಊರಿನಲ್ಲಿ ಯಾರೂ ಜಗಳ ಆಡಲಿಲ್ಲ. ನಾನು ಆ ದಿನಗಳಲ್ಲಿ ಸುಮ್ಮನೆ ಅಳುತ್ತಿದ್ದೆ, ದುಃಖವೇನೂ ಇರಲಿಲ್ಲ.

ಇಷ್ಟೆಲ್ಲ ಹೇಳಿದವಳು ಮೀನು ತಿನ್ನುವುದಿಲ್ಲ ಎಂದುಕೊಂಡಿರೋ? ತಿನ್ನುತ್ತೇನೆ, ವರ್ಷಕ್ಕೊಂದು ದಿನ, ಆಸೆಪಟ್ಟು. ಉಳಿದ ದಿನಗಳಲ್ಲಿ ನಮ್ಮದು ಬೇಳೆ, ಕಾಯಿ, ಕಡಲಪಾಚಿ. ಸೋಣೆಯ ಕೊನೆಯ ದಿನ ಮಾತ್ರ ಊರೆಲ್ಲ ಸೇರಿ ರಂಪಣಿ ಎಳೆಯುತ್ತೇವೆ, ನಿಮ್ಮ ಅಜ್ಜಂದಿರು ಎಳೆಯುತ್ತಿದ್ದ ಅದೇ ಉದ್ದನೆಯ ಬಲೆ. ಬಲೆಯ ನಡುವೆ ನಾವು ಬಿಡುಬಾಯಿ ಎಂದು ಕರೆಯುವ ಒಂದು ಬಾಗಿಲು ಇರುತ್ತದೆ. ನಮ್ಮ ಬಲೆಯ ಯಜಮಾನ್ತಿ ಬಾಬಿಯಮ್ಮ ಕೈ ಎತ್ತುವ ತನಕ ಅದನ್ನು ಕಟ್ಟುವಂತಿಲ್ಲ, ಎಪ್ಪತ್ತೆಂಟರ ಆ ಮುದುಕಿ ಬೇಕೆಂದೇ ತಡಮಾಡುತ್ತಾರೆ. ಹೋಗಬೇಕಾದವರು ಹೋಗುತ್ತಾರೆ. ಉಳಿದವರನ್ನು ಜುಮ್ಮನಕಾಯಿ ಎಂಬ ಘಾಟಿನ ಮಸಾಲೆಕಾಯಿ ಹಾಕಿ ಸಾರು ಮಾಡುತ್ತೇವೆ. ತಟ್ಟೆಯ ಮುಂದೆ ಕೂತವರು ಮೊದಲ ತುತ್ತಿಗೆ ಮುಂಚೆ ಎಲ್ಲರಿಗೂ ಕೇಳುವ ಹಾಗೆ ಒಂದು ಮಾತು ಹೇಳಲೇಬೇಕು: ‘ಇವರನ್ನು ತಿನ್ನುತ್ತೇನೆ.’ ‘ಇದನ್ನು’ ಎಂದರೆ ತಟ್ಟೆ ಎತ್ತಿಬಿಡುತ್ತಾರೆ. ಊರಿನ ಅರ್ಧದಷ್ಟು ಜನರಿಗೆ ಆ ಮಾತು ಗಂಟಲಿನಿಂದ ಹೊರಡುವುದಿಲ್ಲ, ಅವರು ತಿನ್ನುವುದಿಲ್ಲ. ನಾನು ಹೇಳುತ್ತೇನೆ. ಹೇಳುವಾಗ ಪ್ರತಿ ವರ್ಷ ತಟ್ಟೆಯ ಕಡೆ ನೋಡಲಾರೆ, ಆಮೇಲೆ ಎರಡನೆಯ ಸಲ ಸಾರು ಹಾಕಿಸಿಕೊಳ್ಳುತ್ತೇನೆ. ಈ ಎರಡನ್ನೂ ಒಟ್ಟಿಗೆ ಹೇಗೆ ಹೊಂದಿಸುವುದು ಎಂದು ನನಗೆ ತಿಳಿದಿಲ್ಲ. ಹೊಂದಿಸಿಕೊಂಡೆ ಎನ್ನುವವರನ್ನು ಕಂಡರೆ ನನಗೆ ಅನುಮಾನ.

ನಿಮ್ಮ ಕಾಲದ ಬಗ್ಗೆ ಓದುವಾಗ ನನಗೆ ಸಿಟ್ಟಿಗಿಂತ ಬೆರಗೇ ಹೆಚ್ಚು. ದಿನಾ ಮೀನು ತಿನ್ನುತ್ತಿದ್ದಿರಂತೆ, ಹೊತ್ತಿಗೆ ಎರಡು ಬಗೆ. ಮೊಟ್ಟೆಯಿಡುವ ಮಳೆಗಾಲದಲ್ಲಿ ಕಡಲಿಗೆ ಇಳಿಯಬಾರದೆಂದು ನೀವೇ ಕಾನೂನು ಮಾಡಿ, ಆ ದಿನಗಳು ಮುಗಿದ ಮರುಬೆಳಗ್ಗೆ ನೀವೇ ಮುಗಿಬೀಳುತ್ತಿದ್ದಿರಂತೆ. ಹಿಡಿದವರಲ್ಲಿ ಸಣ್ಣವರನ್ನು ಪುಡಿ ಮಾಡಿ, ಕೊಳದಲ್ಲಿ ಸಾಕಿದವರಿಗೆ ತಿನ್ನಿಸುತ್ತಿದ್ದಿರಂತೆ. ಆಮೆಯ ಮೊಟ್ಟೆಗೆ ಬೇಲಿ ಕಟ್ಟಿ, ರಾತ್ರಿಯೆಲ್ಲ ಕಾವಲು ಕಾದು, ಮನೆಗೆ ಬಂದು ಸಿಗಡಿ ಹುರಿದು ಊಟ ಮಾಡಿದವರೂ ಇದ್ದರಂತೆ. ಅವರ ಬಗ್ಗೆ ನಗಾಡಲು ನನಗೆ ಬಾಯಿಲ್ಲ, ಅವರು ನನ್ನ ಹತ್ತಿರದ ನೆಂಟರು. ನಿಮ್ಮ ನಂತರ ನಲವತ್ತು ವರ್ಷ ಬರಿಗಡಲು ಬಂತು. ಬರಿಗಡಲು ಎಂದರೆ ನೀರು ಮಾತ್ರ ಇರುವ ಕಡಲು. ಆ ಮಾತನ್ನು ನಾವು ಮಕ್ಕಳ ಮುಂದೆ ಆಡುವುದಿಲ್ಲ.

ಬರಿಗಡಲು ಮುಗಿದು ಮೊದಲ ಬಂಗುಡೆ ಹಿಂಡು ಕಾಣಿಸಿದ ವಾರವೇ ನಮ್ಮ ಮುತ್ತಜ್ಜಿಯರಿಗೆ ಕೆಳಕೋಡಿಯಲ್ಲಿ ಒಂದು ಬೋರ್ಡು ಸಿಕ್ಕಿತು. ಕಬ್ಬಿಣದ ಚೌಕಟ್ಟು, ಎಡಕ್ಕೆ ‘ಮೀನು’, ಬಲಕ್ಕೆ ‘ಬಂದರು’, ನಡುವಿನ ತಗಡು ತುಕ್ಕು ಹಿಡಿದು ಕಳಚಿಹೋಗಿತ್ತು. ಅವರು ಓದಿಕೊಂಡರು: ಮೀನು ಬಂದರು. ಬಂತು ಅಲ್ಲ, ಬಂದವು ಅಲ್ಲ, ಬಂದರು. ನಮ್ಮ ಹಿರಿಯರು ಮೀನಿಗೆ ಮರ್ಯಾದೆಯ ಮಾತನ್ನೇ ಆಡುತ್ತಿದ್ದರು, ಅವರು ಬಂದದ್ದನ್ನು ಬೋರ್ಡು ಬರೆಸಿ ಊರಿಗೆ ಸಾರುತ್ತಿದ್ದರು, ಆ ಮಾತು ಬಿಟ್ಟದ್ದರಿಂದಲೇ ಕಡಲು ಬರಿದಾಯಿತು ಎಂದು ತಿಳಿದುಕೊಂಡರು. ಅಂದಿನಿಂದ ಮೀನು ನಮಗೆ ಅವರು. ಬೋರ್ಡನ್ನು ಪಾಲುಮನೆಯಲ್ಲಿ, ಊರಿನವರು ಸೇರಿ ಪಾಲು ಹಂಚಿಕೊಳ್ಳುವ ಜಾಗದಲ್ಲಿ, ತೂಗುಹಾಕಿದ್ದಾರೆ. ಮಕ್ಕಳು ಅದನ್ನೇ ನೋಡಿ ಅಕ್ಷರ ಕಲಿಯುತ್ತಾರೆ, ನಾನೂ ಹಾಗೆಯೇ ಕಲಿತದ್ದು.

ಹೋದ ದೊಡ್ಡ ಇಳಿತದಲ್ಲಿ ನನಗೆ ಕಳಚಿಹೋದ ಆ ನಡುವಿನ ತಗಡು ಸಿಕ್ಕಿತು. ಮೇಲೆ ಕೂತ ಚಿಪ್ಪಿನವರನ್ನು ನೋಯಿಸದೆ ಬಿಡಿಸಲು ಮೂರು ದಿನ ಹಿಡಿಯಿತು. ಅದರ ಮೇಲೆ ಇದ್ದದ್ದು ‘ಗಾರಿಕಾ’. ತಂದು ಚೌಕಟ್ಟಿಗೆ ಹಿಡಿದರೆ ಕೂದಲೆಳೆಯಷ್ಟೂ ಸಂದು ಬಿಡದೆ ಕೂತುಕೊಂಡಿತು: ಮೀನುಗಾರಿಕಾ ಬಂದರು. ನಮ್ಮ ದೋಣಿಗಳನ್ನು ಮರಳಿನ ಮೇಲೆ ಎಳೆದು ನಿಲ್ಲಿಸುತ್ತೇವೆ, ಹಾಗಾಗಿ ‘ಬಂದರು’ ಎಂಬ ಪದ ಇನ್ನೊಂದು ಅರ್ಥದಲ್ಲಿ ನಮ್ಮ ಬಾಯಲ್ಲಿ ಉಳಿದೇ ಇಲ್ಲ. ನೀರು ತಿಂದ ಒಂದು ಹಳೆಯ ಶಬ್ದಕೋಶದಲ್ಲಿ ಸಿಕ್ಕಿತು: ‘ಬಂದರು, ನಾಮಪದ, ಹಡಗು ದೋಣಿಗಳು ತಂಗುವ ಸ್ಥಳ.’ ಯಾರೂ ಬಂದಿರಲಿಲ್ಲ. ನೀವು ಯಾರಿಗೂ ಮರ್ಯಾದೆ ಕೊಟ್ಟಿರಲಿಲ್ಲ. ದೋಣಿ ನಿಲ್ಲಿಸುವ ಜಾಗಕ್ಕೆ ಒಂದು ಬೋರ್ಡು ಹಾಕಿದ್ದಿರಿ, ಅಷ್ಟೇ.

ಇದು ಬರೀ ಅಕ್ಷರದ ಮಾತಾಗಿದ್ದರೆ ನಕ್ಕು ಬಿಡುತ್ತಿದ್ದೆ. ಆದರೆ ಈ ಸಲದ ಪಾಲುಕೂಟದ, ಅಂದರೆ ನಮ್ಮ ಊರಸಭೆಯ, ಮುಂದೆ ಸೂರಣ್ಣನ ಅರ್ಜಿ ಇದೆ. ರಂಪಣಿಯ ಎಡಹಗ್ಗದ ಮುಂದಾಳು ಅವನು, ಮೂರು ಮಕ್ಕಳ ತಂದೆ, ಒಳ್ಳೆಯವನು. ಮೀನು ತುಂಬಿ ತುಳುಕುತ್ತಿರುವಾಗ ವರ್ಷಕ್ಕೊಂದೇ ದಿನ ಏಕೆ, ಮೂರು ತಿಂಗಳು ಹಿಡಿಯಲು ಬಿಡಿ ಎನ್ನುತ್ತಾನೆ. “ಎದ್ರಿಗೆ ರಾಶಿ ಮೀನ್ ಇತ್ತ್, ಬಟ್ಲಗೆ ಪಾಚಿ ಪಲ್ಯ. ಹಸ್ದವ್ನ್ ಎದ್ರ್ ವ್ಯಾಕರಣ ಎಂತಕೆ?” ಎಂದು ಕೇಳಿದ, ‘ಇದ್ದಾರೆ’ ಎನ್ನದೆ ‘ಇತ್ತ್’ ಎಂದದ್ದು ಬೇಕೆಂದೇ. ಅವನಿಗೆ ಅಡ್ಡ ನಿಂತದ್ದು ಆ ಮಾತೊಂದೇ. ‘ಇವರನ್ನು’ ಎಂದು ದಿನಾ ಮೂರು ತಿಂಗಳು ಹೇಳಿ ತಿನ್ನಲು ಯಾರಿಂದಲೂ ಆಗದು. ಆ ಮಾತಿಗೆ ಹಿರಿಯರ ಆಧಾರವಿಲ್ಲ ಎಂದು ಗೊತ್ತಾದರೆ ಮಾತು ಬೀಳುತ್ತದೆ, ಬಿಡುಬಾಯಿಗೆ ಗಂಟು ಬೀಳುತ್ತದೆ, ಆಮೇಲೆ ನಮ್ಮ ಮೊಮ್ಮಕ್ಕಳ ಕಾಲಕ್ಕೆ ಏನು ಉಳಿಯುತ್ತದೆಂದು ನೀವೇ ಬಲ್ಲಿರಿ. ತಗಡನ್ನು ತೆಗೆದುಕೊಂಡು ಹೋಗಿ ಬಾಬಿಯಮ್ಮನಿಗೆ ತೋರಿಸಿದೆ. ಅವರು ಅದನ್ನು ಸೆರಗಿನಿಂದ ಒರೆಸಿ ತೊಡೆಯ ಮೇಲಿಟ್ಟುಕೊಂಡರು. “ಬರ್ದವ್ರಿಗೆ ಗೊತ್ತಿಲ್ದಿದ್ದದ್ದ್ ಓದಿದವ್ರಿಗೆ ತೋಚುಕಾಗ ಅಂದೇಳಿ ಇತ್ತಾ ಹೆಣ್ಣೆ? ಆದ್ರೂ ಸಿಕ್ಕಿದ್ದನ್ನ ಹುಗ್ಸಿಡುಕಾಗ. ತೋರ್ಸ್” ಎಂದರು.

ಇಲ್ಲಿಗೆ ಬರೆಯುವಾಗ ಕಾವಲು ದಿಬ್ಬದಿಂದ ಕೂಗು ಬಂತು. ಈಗ ಸಂಜೆಯಾಗಿದೆ, ಬಟ್ಟೆ ಇನ್ನೂ ಒದ್ದೆ, ಕೈಯಿಂದ ಹಗ್ಗದ ವಾಸನೆ ಹೋಗಿಲ್ಲ. ಅಕ್ಷರ ಸೊಟ್ಟಗಾದರೆ ಸೈರಿಸಿಕೊಳ್ಳಿ. ಅವರು ಬಂದರು. ಅಳಿವೆಯಿಂದ ಕಲ್ಲುಬಂಡೆಯವರೆಗೆ ನೀರು ಕಪ್ಪುಗೆಂಪಾಗಿ, ಕುದಿಯುವ ಹಾಗೆ ಸದ್ದು ಮಾಡುತ್ತಾ ದಡಕ್ಕೆ ಸರಿಯಿತು. ಮೇಲೆ ಹಕ್ಕಿಗಳು ಎಷ್ಟಿದ್ದವೆಂದರೆ ಮರಳಿನ ಮೇಲೆ ನೆರಳು ಬಿತ್ತು. ದೋಣಿ ಬಲೆ ಬಿಟ್ಟು ಸುತ್ತು ಹಾಕಿ ಬಂತು, ಊರಿಗೆ ಊರೇ ಎರಡು ಹಗ್ಗಕ್ಕೆ ಬಿತ್ತು. ನಾನು ಬಿಡುಬಾಯಿಯ ಹತ್ತಿರ ಎದೆಮಟ್ಟ ನೀರಿನಲ್ಲಿದ್ದೆ. ಬಾಬಿಯಮ್ಮ ಕೈ ಎತ್ತಲಿಲ್ಲ, ಅರ್ಧ ಹಿಂಡು ಹೋಗುವವರೆಗೂ ಎತ್ತಲಿಲ್ಲ. ಹೊರಟುಹೋಗುವವರು ನನ್ನ ಸೊಂಟ, ತೋಳು, ಕುತ್ತಿಗೆ ಸವರಿಕೊಂಡು ಹೋಗುತ್ತಲೇ ಇದ್ದರು, ಒಬ್ಬರೂ ಬಡಿಯಲಿಲ್ಲ. ಅಷ್ಟು ಜೀವ ಒಟ್ಟಿಗೆ ನನ್ನನ್ನು ಬಳಸಿಕೊಂಡು ಹೋಗುವಾಗ ನಾನು ಇರುವೆಯಷ್ಟು ಸಣ್ಣವಳಾದೆ, ಹಾಗೆ ಸಣ್ಣವಳಾದದ್ದು ಹಿತವಾಗಿತ್ತು. ಆಗ ಎಡಹಗ್ಗದ ಕಡೆಯಿಂದ ಯಾರೋ ಒಡಕು ದನಿಯಲ್ಲಿ “ಬಂದ್ರ್, ಬಂದ್ರ್” ಎನ್ನುತ್ತಿದ್ದದ್ದು ಕೇಳಿಸಿತು. ತಿರುಗಿ ನೋಡಿದರೆ ಸೂರಣ್ಣ. ಅವನ ಕೆನ್ನೆಯ ಮೇಲಿದ್ದದ್ದು ಕಡಲ ನೀರೋ ಬೇರೆಯೋ ನನಗೆ ತಿಳಿಯಲಿಲ್ಲ.

ಸಾರು ಬಡಿಸುವ ಮೊದಲು ನಾನು ತಗಡನ್ನು ಚೌಕಟ್ಟಿಗೆ ಕೂರಿಸಿ ಗಟ್ಟಿಯಾಗಿ ಓದಿದೆ, ಅರ್ಥವನ್ನೂ ಹೇಳಿದೆ. ಅರ್ಜಿ ಗೆದ್ದಿತೆಂದೇ ಎಲ್ಲರೂ ಸೂರಣ್ಣನ ಮುಖ ನೋಡಿದರು. ಅವನು ತನ್ನ ಖಾಲಿ ತಟ್ಟೆಯನ್ನು ಬದಿಗೆ ಸರಿಸಿದ. ಆಮೇಲೆ ಹೇಳಿದ: “ಬೋರ್ಡ್ ಹೋಯ್ಲಿ. ಹಿಂದಿನ ಅಷ್ಟ್ ಜನ್ರಗೆ ಒಬ್ರಾದ್ರೂ, ಒಂದ್ ಸಲ ಆದ್ರೂ, ಮೀನ್ ಕಂಡ್ ‘ಬಂದ್ರ್’ ಅಂದಿದ್ರ್ ಅಂದೇಳಿ ತೋರ್ಸ್ ಅಕ್ಕಣಿ. ನಾ ಅರ್ಜಿ ಹಿಂದ್ ತಕಂತೆ.” ಪಾಲುಕೂಟ ಒಪ್ಪಿತು. ಮುಂದಿನ ಸೋಣೆಯವರೆಗೆ ಗಡುವು. ಅಷ್ಟರಲ್ಲಿ ಸಿಗದಿದ್ದರೆ ಮಾತು ಬೀಳುತ್ತದೆ, ಕಡಲು ತೆರೆಯುತ್ತದೆ. ನಾನು ಇಂದು ಒಂದೇ ಸಲ ಬಡಿಸಿಕೊಂಡೆ.

ಆದ್ದರಿಂದ ಹಿಂದಿನವರೇ, ಇದೊಂದು ಬೇಡಿಕೆ. ಮೀನು ತಿನ್ನಬೇಡಿ ಎಂದು ಕೇಳಲು ನಾನು ಯಾರು? ಒಂದು ಬೆಳಗ್ಗೆ ನಿಮ್ಮ ಬಂದರಿಗೆ ಹೋಗಿ. ದೋಣಿ ಬಂದು ಬುಟ್ಟಿ ಇಳಿಸುವಾಗ, ನೀವು ತೂಕ ಕೇಳುವ ಮೊದಲು, ಆ ಬುಟ್ಟಿಯಲ್ಲಿರುವ ಒಬ್ಬರ ಕಣ್ಣನ್ನು ನೋಡಿ, ‘ಬಂದರು’ ಎಂದು ಒಂದು ಸಲ ಹೇಳಿ. ನಾಚಿಕೆಯಾದರೆ ಮೆಲ್ಲಗೆ ಹೇಳಿ. ಹೇಳಿದ ಮೇಲೆ, ಹೇಳಿದ್ದರೆ ಮಾತ್ರ, ಅದನ್ನು ಕೊಳೆಯದ ಯಾವುದಾದರೊಂದು ವಸ್ತುವಿನ ಮೇಲೆ ಗೀರಿ ನೀರಿಗೆ ಹತ್ತಿರ ಎಲ್ಲಾದರೂ ಹೂತಿಡಿ. ಅಂಥ ವಸ್ತುಗಳು ನಿಮ್ಮ ಕೈಗೆಟಕುವಲ್ಲೇ ಬೇಕಾದಷ್ಟು ಇವೆಯಲ್ಲ. ಒಂದು ಬಾಟಲಿ ಮುಚ್ಚಳ ಸಾಕು, ‘ಮೀನು ಬಂದರು’, ಎರಡೇ ಪದ.

ನಾಳೆಯಿಂದ ಕನ್ಯೆ ತಿಂಗಳು. ಮುಂದಿನ ದೊಡ್ಡ ಇಳಿತಕ್ಕೆ ಹದಿಮೂರು ದಿನವಿದೆ. ಮೊಣಕಾಲು ನೀರಿನಲ್ಲಿ, ಒಂದೊಂದೇ ಮುಚ್ಚಳ ತಿರುಗಿಸಿ ನೋಡುತ್ತಿರುತ್ತೇನೆ.

ಇಂತಿ,
ನೀವು ಕಾಣದ, ನಿಮ್ಮನ್ನು ಓದುವ
ಅಕ್ಕಣಿ