ಮರಕ್ಕೆ ಕೊಟ್ಟ ನಿಪ್ಪಲ್ಲು

ಓಡೆನ್ಸೆ, ಜೂನ್ ೧೩, ೨೦೧೮

ಪ್ರೀತಿಯ ಅಪ್ಪಾ,

ಮಂಡಿನೋವು ಹೇಗಿದೆ? ರೈಲಿನಲ್ಲಿ ಕೂರಲು ಜಾಗ ಸಿಕ್ಕಿತೇ? ಭಾನುವಾರ ಕಾಫಿ ಬಗ್ಗಿಸುವ ಮೊದಲೇ ಎದ್ದು ಹೊರಟಿರಿ. ನಿಮ್ಮ ಸೊಸೆ ಮಲೇನೆ ನಿಮಗೆಂದು ತೆಗೆದಿಟ್ಟ ಕೇಕನ್ನು ಮರುದಿನ ನಾನೇ ತಿಂದೆ, ಕೋಪದಲ್ಲೇ ತಿಂದೆ. ಆ ಕೋಪ ಇನ್ನೂ ಇಳಿದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಫೋನಿನಲ್ಲಾದರೆ ನೀವು ಗಾಳಿ ಮಳೆಯ ಮಾತು ತೆಗೆಯುತ್ತೀರಿ.

ತಪ್ಪು ಮೊದಲು ನನ್ನದೇ. ಮೂರು ವರ್ಷ ತುಂಬಿದ ಮಕ್ಕಳು ಚೀಪುವುದನ್ನು ಬಿಟ್ಟು, ತಮ್ಮ ರಬ್ಬರ್ ನಿಪ್ಪಲ್ಲಿಗೆ ರಿಬ್ಬನ್ ಕಟ್ಟಿ ಪಾರ್ಕಿನ ಮರಕ್ಕೆ ನೇತುಹಾಕಬೇಕು, ಊರಿನ ಮಕ್ಕಳೆಲ್ಲ ಹಾಕಿದ್ದಾರೆ ಎಂದು ನಿಮ್ಮ ಮೊಮ್ಮಗಳು ಅಲ್ಬೆರ್ಟೆಯ ತಲೆ ತಿಂದವನು ನಾನು. ಕಾಗದದ ಬಾವುಟ, ಹಾಡು, ಯಾವುದಕ್ಕೂ ಕಡಿಮೆ ಮಾಡಲಿಲ್ಲ. ನಿಪ್ಪಲ್ಲನ್ನು ಕೊಂಬೆಗೆ ಕಟ್ಟಿದಾಗ ಅವಳು ಬಿಕ್ಕುತ್ತಿದ್ದರೂ ಹತ್ತು ಮಂದಿ ದೊಡ್ಡವರು ನಗುತ್ತ ಚಪ್ಪಾಳೆ ತಟ್ಟುತ್ತಲೇ ಇದ್ದೆವಲ್ಲ, ನೆನೆದರೆ ನಾಚಿಕೆಯಾಗುತ್ತದೆ. "ನಂದು ಅದು. ಮರಕ್ಕೆ ಬಾಯೇ ಇಲ್ಲ" ಎಂದಳು. ಆಗ ನೀವು ಬಗ್ಗಿ, "ಅಳು ನಿಲ್ಸು, ನಮ್ಮನೇಲಿ ಯಾರೂ ಅಳಲ್ಲ" ಎಂದಿರಿ. ಮಗು ತಟ್ಟನೆ ನಿಲ್ಲಿಸಿತು, ಎಲ್ಲರೂ ಮೆಚ್ಚಿಕೊಂಡರು. ನಾನು ಅವಳ ಮುಖ ನೋಡಿದೆ. ಅಳು ಹೋಗಿರಲಿಲ್ಲ, ತುಟಿ ಬಿಗಿದು ಒಳಗೆ ನುಂಗಿಕೊಂಡಿದ್ದಳು. ಆ ತುಟಿ ನನಗೆ ಚೆನ್ನಾಗಿ ಗೊತ್ತು, ದಿನಾ ಗಡ್ಡ ಹೆರೆಯುವಾಗ ಕನ್ನಡಿಯಲ್ಲಿ ನೋಡುತ್ತೇನೆ.

ಅದಕ್ಕೇ ನಿಪ್ಪಲ್ಲನ್ನು ಬಿಚ್ಚಿ ತರಲು ಮರ ಹತ್ತಿದೆ. ಹೊಸ ಪ್ಯಾಂಟು ಹರಿಯಿತು. ಪಕ್ಕದ ಮನೆಯವರು "ಮರಕ್ಕೆ ಕೊಟ್ಟಿದ್ದನ್ನ ವಾಪಸ್ ತಗೋತಾರಾ" ಎಂದು ಗೊಣಗಿದರು. ಮಲೇನೆ "ಹತ್ತಿದ್ದೇನೋ ಸರಿ, ಇಳಿಯೋಕೆ ಬರುತ್ತಾ?" ಎಂದು ಕೆಳಗಿನಿಂದ ಕೇಳಿದಳು. ನೀವು ಮಾತ್ರ, "ಮೂರು ವರ್ಷದ ಮಗು ಹಟಕ್ಕೆ ಗಂಡಸು ಮರ ಹತ್ತೋದಾ? ರಜೇಲಿ ಎರಡು ವಾರ ನನ್ನ ಹತ್ರ ಬಿಡು, ಅಳೋದನ್ನೇ ಮರೆಸ್ತೀನಿ" ಎಂದು ಹೊರಟೇಬಿಟ್ಟಿರಿ. ಇಲ್ಲ ಅಪ್ಪಾ, ಬಿಡುವುದಿಲ್ಲ. ಅವಳನ್ನು ಗಟ್ಟಿ ಮಾಡುವ ಉಸಾಬರಿ ಯಾರಿಗೂ ಬೇಡ. ಅವಳು ಅಳುತ್ತಾಳೆ, ಅದು ಮುಗಿಯುವ ತನಕ ನಾನು ಪಕ್ಕದಲ್ಲಿ ಕೂರುತ್ತೇನೆ, ಅಷ್ಟೇ. ನಿಪ್ಪಲ್ಲು ಈಗ ಅವಳ ದಿಂಬಿನ ಕೆಳಗಿದೆ. ಮೂರು ದಿನದಿಂದ ಮುಟ್ಟಿಲ್ಲ, ಮುಟ್ಟಿದರೂ ನನಗೇನೂ ಬೇಸರವಿಲ್ಲ.

ಮಾತ್ರೆ ತಪ್ಪಿಸಬೇಡಿ. ಮಲೇನೆ ವಿಚಾರಿಸಿದಳೆಂದು ತಿಳಿಸಲು ಹೇಳಿದ್ದಾಳೆ. ನನ್ನ ಪ್ರೀತಿಯೂ ಇದೆ, ಕೋಪದ ಜೊತೆಗೇ.

ನಿಮ್ಮ ಮಗ,
ಯೆಪ್ಪೆ

ವಿ.ಸೂ.: ಲಕೋಟೆ ಅಂಟಿಸುವ ಮುನ್ನ ಇದೊಂದು. "ಅಜ್ಜ ಅಳೋದೇ ಇಲ್ವಾ?" ಎಂದು ಅಲ್ಬೆರ್ಟೆ ನಿನ್ನೆ ಕೇಳಿದಳು. ಗೊತ್ತಿಲ್ಲ ಎಂದೆ, ಅದು ಸುಳ್ಳು. ಅಮ್ಮ ತೀರಿಕೊಂಡ ವಾರ ನೀವು ದೋಣಿಯ ಶೆಡ್ಡಿನಲ್ಲಿ ಅಗುಳಿ ಹಾಕಿಕೊಂಡು ಅತ್ತಿರಿ. ಆರು ವರ್ಷದ ನಾನು ಹೊರಗೆ ಮೆಟ್ಟಿಲ ಮೇಲೆ ಕೂತು ಎಲ್ಲವನ್ನೂ ಕೇಳಿಸಿಕೊಂಡೆ, ಬಾಗಿಲು ಬಡಿಯುವ ಧೈರ್ಯ ಬರಲಿಲ್ಲ. ನೀವು ತೆರೆದಿದ್ದರೆ ಇಬ್ಬರೂ ಒಟ್ಟಿಗೆ ಅಳುತ್ತಿದ್ದೆವು. ಜುಲೈನಲ್ಲಿ ಅವಳ ಜೊತೆ ನಾನೂ ಬರುತ್ತೇನೆ, ಅದೇ ಪ್ರಶ್ನೆಯನ್ನು ಅವಳು ನಿಮ್ಮನ್ನೇ ಕೇಳುತ್ತಾಳೆ. ನೀವು ಅವಳಿಗೆ ನಿಜ ಹೇಳಿದರೆ ಎರಡು ವಾರ ಇರುತ್ತೇವೆ. ಇಲ್ಲದಿದ್ದರೆ ಅದೇ ದಿನ ಸಂಜೆಯ ರೈಲಿಗೆ ವಾಪಸ್ಸು.