ಡಿಸ್ಕಿಗೆ ಹಿಡಿಸದ ಇಪ್ಪತ್ತು ನಿಮಿಷ

ನುಕುಅಲೋಫಾ, ಟೋಂಗಾ
14 ಸೆಪ್ಟೆಂಬರ್ 2008, ಭಾನುವಾರ ಮಧ್ಯಾಹ್ನ

ಪ್ರೀತಿಯ ಸೆಲುವೈಯಾ ಅಕ್ಕನಿಗೆ,

ಮಂಡಿ ನೋವು ಹೇಗಿದೆ ಅಕ್ಕಾ? ವೃದ್ಧಾಶ್ರಮದ ಕೆಲಸದಲ್ಲಿ ದಿನವಿಡೀ ನಿಂತೇ ಇರಬೇಕಂತೆ, ಮಂಡಿಗೆ ಪಟ್ಟಿ ಕಟ್ಟಿಕೊಂಡು ಹೋಗುತ್ತೀರಂತೆ ಎಂದು ಮೊನ್ನೆ ಸಿಡ್ನಿಯಿಂದ ಬಂದಿದ್ದ ಪಾದ್ರಿಯ ಹೆಂಡತಿ ಹೇಳಿದರು. ಭಾವನ ರಕ್ತದೊತ್ತಡ ಹತೋಟಿಯಲ್ಲಿದೆಯೇ? ಒಡಹುಟ್ಟಿದವರ ಕ್ಷೇಮವನ್ನು ಚರ್ಚಿನ ಬಾಗಿಲಲ್ಲಿ ನಿಂತು ಪರರ ಬಾಯಿಂದ ಕೇಳಿ ತಿಳಿಯುವ ಗತಿ ನನಗೆ ಬಂದು ಹದಿಮೂರು ತಿಂಗಳಾಯಿತು. ಫೋನ್ ಮಾಡಿದರೆ ನಿಮ್ಮ ಮಗ ಎತ್ತಿಕೊಂಡು 'ಅಮ್ಮ ಮಲಗಿದ್ದಾಳೆ ಮಾವ' ಎನ್ನುತ್ತಾನೆ. ಬೆಳಿಗ್ಗೆ ಹತ್ತಕ್ಕೂ ಮಲಗಿರುತ್ತೀರಿ, ಸಂಜೆ ಐದಕ್ಕೂ ಮಲಗಿರುತ್ತೀರಿ. ಕಾಗದವನ್ನಾದರೂ ಅವನು ನಿಮ್ಮ ಕೈಗೆ ಕೊಡುತ್ತಾನೆ ಎಂದುಕೊಂಡಿದ್ದೇನೆ.

ಇಲ್ಲಿ ನಾವೆಲ್ಲ ಆರೋಗ್ಯವಾಗಿದ್ದೇವೆ. ಚರ್ಚು ಮುಗಿಸಿ ಬಂದು, ನೆಲದ ಒಲೆ ಬಗೆದು, ಕೆಸುವಿನೆಲೆಯಲ್ಲಿ ತೆಂಗಿನ ಹಾಲು ಸುರಿದು ಬೇಯಿಸಿದ್ದನ್ನು ಹೊಟ್ಟೆತುಂಬ ತಿಂದು ಮನೆಮಂದಿಯೆಲ್ಲ ಉರುಳಿಕೊಂಡಿದ್ದಾರೆ. ನಾನೊಬ್ಬ ಕೂತಿದ್ದೇನೆ. ಸುದ್ದಿ ಏನೆಂದರೆ, ನನ್ನ ಮಗಳು ಲೂಪೆಗೆ ಮದುವೆ ಗೊತ್ತಾಗಿದೆ. ನವೆಂಬರ್ ಒಂದನೇ ತಾರೀಖು, ಶನಿವಾರ. ಹುಡುಗ ವವಾಉ ದ್ವೀಪದವನು, ಶಾಲೆಯಲ್ಲಿ ಮೇಷ್ಟ್ರು. ಕಾಲು ಉದ್ದ, ಮಾತು ಕಡಿಮೆ, ಒಳ್ಳೆಯವನು. ಮದುವೆಯಲ್ಲಿ ಹುಡುಗಿಯ ಸೋದರತ್ತೆ ಎಲ್ಲರಿಗಿಂತ ಮೇಲೆ ಕೂರಬೇಕು, ಬಂದ ಚಾಪೆ, ತೊಗಟೆಬಟ್ಟೆಗಳನ್ನೆಲ್ಲ ಅವರ ಮುಂದೆ ಇಡಬೇಕು, ಕೇಕಿನ ಮೇಲಂತಸ್ತು ಅವರಿಗೇ ಹೋಗಬೇಕು. ಲೂಪೆಗೆ ಇರುವ ಸೋದರತ್ತೆ ನೀವೊಬ್ಬರೇ. ನೀವು ಬರದಿದ್ದರೆ ಊರಿಗೆ ಊರೇ ಆ ಖಾಲಿ ಜಾಗವನ್ನೇ ನೋಡುತ್ತದೆ. ಗಂಡಿನ ಕಡೆಯವರು ಈಗಲೇ ಕೇಳಿಯಾಯಿತು, 'ಅತ್ತೆ ಬರ್ತಾರೆ ತಾನೇ?' ಅಂತ. ನನ್ನ ಹೆಂಡತಿ 'ಬರದೆ ಇರ್ತಾರಾ' ಎಂದು ನಕ್ಕುಬಿಟ್ಟಳು. ಆಮೇಲೆ ಅಡುಗೆ ಕೊಟ್ಟಿಗೆಗೆ ಹೋಗಿ ಅತ್ತಳು.

ನೀವು ಯಾಕೆ ಬರುವುದಿಲ್ಲ ಎಂಬುದು ನನಗೆ ಗೊತ್ತಿದೆ. ಅಪ್ಪನನ್ನು ಮಣ್ಣು ಮಾಡಿದ ದಿನದ ಡಿಸ್ಕು. ನಿಮ್ಮ ಮದುವೆಗೆ ಅಪ್ಪ ಕೊಟ್ಟಿದ್ದ ಆ ನವಿರು ಚಾಪೆಯನ್ನು ಹದಿನೆಂಟು ವರ್ಷ ಹಾಸಿಗೆಯಡಿ ಜೋಪಾನ ಮಾಡಿ, ಅಪ್ಪನನ್ನು ಅದರ ಮೇಲೇ ಮಲಗಿಸಿ ಎಂದು ವಿಮಾನದಲ್ಲಿ ಬರುವವರ ಕೈಲಿ ಕಳಿಸಿದಿರಿ. ಆಮೇಲೆ ನಾನು ನನ್ನ ವಿಡಿಯೋ ಅಂಗಡಿಯಿಂದ ಕಳಿಸಿದ ಡಿಸ್ಕು ಬಂತು. ನೀವು ಚರ್ಚಿನವರನ್ನೆಲ್ಲ ಮನೆಗೆ ಕರೆದು, ಚಹಾ ಕೊಟ್ಟು, ಟಿವಿ ಮುಂದೆ ಕೂರಿಸಿದಿರಿ. ಎರಡು ಗಂಟೆ ಎಲ್ಲರೂ ಅತ್ತಿರಂತೆ. ಪೆಟ್ಟಿಗೆ ಚರ್ಚಿನ ಬಾಗಿಲು ದಾಟಿದ ಕೂಡಲೇ ಪರದೆ ಕಪ್ಪಾಯಿತು. ಸಮಾಧಿಯೂ ಇಲ್ಲ, ಚಾಪೆಯೂ ಇಲ್ಲ. ಹಿಂದೆ ಕೂತಿದ್ದ ಯಾರೋ 'ಆ ಚಾಪೆ ಸತ್ತವರ ಅಕ್ಕ ಫೂಸಿ ಮನೆ ಸೇರಿರುತ್ತೆ ಬಿಡಿ' ಅಂದರಂತೆ. ಅಂದು ನೀವು ಫೋನಿನಲ್ಲಿ ಹೇಳಿದ್ದು ಒಂದೇ ಮಾತು, 'ನನ್ನ ಚಾಪೆ ಎಲ್ಲೋ, ತನಿಯೆಲ?' ನಾನು ಬಾಯಿ ತೆರೆಯುವ ಮೊದಲೇ ಇಟ್ಟುಬಿಟ್ಟಿರಿ.

ಈಗ ಉತ್ತರ ಕೇಳಿ. ಅಂಗಡಿಯ ಕಂಪ್ಯೂಟರಿನಲ್ಲಿ ಡಿಸ್ಕ್ ಬರೆಯುವ ತಂತ್ರಾಂಶ ಇದೆಯಲ್ಲ, ಅದನ್ನು ಹಾಕಿದ ದಿನವೇ ಒಂದು ಪುಟ ತೆರೆದು, ಪ್ರತಿ ಡಿಸ್ಕಿಗೂ ಏನೇನು ಮಾಡಬೇಕೆಂದು ಗುರುತು ಹಾಕಿಡಬೇಕು. ಒಮ್ಮೆ ಹಾಕಿಟ್ಟರೆ ಆಮೇಲೆ ಅದು ತನ್ನ ಪಾಡಿಗೆ ಹಾಗೇ ಮಾಡುತ್ತಾ ಹೋಗುತ್ತದೆ. ನಾನು ಮದುವೆ ಮನೆಯವರನ್ನು ಮನಸ್ಸಿನಲ್ಲಿಟ್ಟುಕೊಂಡು ಹಾಕಿದೆ. ವೇಗ ಕಡಿಮೆ ಇರಲಿ, ಅವಸರಕ್ಕೆ ಬರೆದರೆ ಡಿಸ್ಕು ಕೆಡುತ್ತದೆ. ಬರೆದಾದ ಮೇಲೆ ಡಿಸ್ಕನ್ನು ಮುಚ್ಚಿಬಿಡಲಿ, ಇಲ್ಲದಿದ್ದರೆ ಬೇರೆಯವರ ಮನೆಯ ಪ್ಲೇಯರಿನಲ್ಲಿ ಓಡುವುದಿಲ್ಲ. ಸಿಡ್ನಿ, ಆಕ್ಲೆಂಡಿನ ಟಿವಿಗೆ ಹೊಂದುವ ಬಗೆಯೇ ಇರಲಿ, ಅಮೆರಿಕದ ನೆಂಟರಿಗೆ ಬೇಕಾದಾಗ ಬದಲಿಸಿದರಾಯಿತು. ಎರಡು ಗಂಟೆ ಮೀರಿದ್ದನ್ನು ಇನ್ನೊಂದು ಡಿಸ್ಕಿಗೆ ಹಾಕಲೋ, ಬಿಟ್ಟುಬಿಡಲೋ ಎಂದು ಅದು ಕೇಳಿತು. ಬಿಡು ಎಂದೆ. ನಮ್ಮ ಮದುವೆಗಳ ಮೂರನೇ ಗಂಟೆಯಲ್ಲಿ ಏನಿರುತ್ತದೆ ಅಕ್ಕಾ? ಹಂದಿಯ ಮೂಳೆಗೆ ನಾಯಿಗಳ ಜಗಳ, ಕುಡಿದ ಚಿಕ್ಕಪ್ಪನ ಭಾಷಣ. ಎರಡನೇ ಡಿಸ್ಕು ಕೊಟ್ಟರೆ ಜನ ಅದನ್ನು ಎಲ್ಲೋ ಕಳೆದುಕೊಂಡು ನನ್ನನ್ನೇ ಬೈಯುತ್ತಾರೆ. ಕೆಲಸ ಮುಗಿದ ಮೇಲೆ ಕಂಪ್ಯೂಟರಿನ ಒಳಗಿರುವ ಪ್ರತಿಯನ್ನು ಅಳಿಸು ಎಂದೂ ಗುರುತು ಹಾಕಿದೆ, ಅದರ ಹೊಟ್ಟೆಯಲ್ಲಿ ಜಾಗ ಸಾಲುತ್ತಿರಲಿಲ್ಲ. ಎಲ್ಲಕ್ಕೂ ಕೆಳಗೆ 'ಯಾವಾಗಲೂ ಹೀಗೇ ಇರಲಿ, ಮತ್ತೆ ಕೇಳಬೇಡ' ಎಂಬ ಸಾಲಿತ್ತು. ಅದಕ್ಕೂ ಹಾಕಿದೆ. ಅದು ಮತ್ತೆ ಕೇಳಲಿಲ್ಲ. ಅಪ್ಪನ ವಿಡಿಯೋ ಎರಡು ಗಂಟೆ ಇಪ್ಪತ್ತು ನಿಮಿಷವಿತ್ತು.

ನೋಡದೆ ಹೇಗೆ ಕಳಿಸಿದೆ ಎನ್ನುತ್ತೀರಿ. ಅಂಗಡಿಯಲ್ಲಿ ನನ್ನ ಜೊತೆ ಕೆಲಸ ಮಾಡುವವಳು ಚಿಕ್ಕಪ್ಪನ ಮಗಳು ಪಾಸೆಪಾ. ನಮ್ಮಲ್ಲಿ ಅಣ್ಣ-ತಂಗಿ ಒಂದೇ ಕೋಣೆಯಲ್ಲಿ ಕೂತು ಟಿವಿ ನೋಡಿದ್ದುಂಟೇ? ಅಪ್ಪ ಟಿವಿ ತಂದ ವರ್ಷ, ನೀವು ಬಾಗಿಲಿಂದ ಒಳಗೆ ಬಂದರೆ ನಾನು ಕಿಟಕಿಯಿಂದ ಹೊರಗೆ ಹಾರುತ್ತಿದ್ದೆ, ಮರೆತಿರಲಾರಿರಿ. ಅಂಗಡಿಯಲ್ಲೂ ಅದೇ ನೇಮ. ಡಿಸ್ಕು ಪರೀಕ್ಷೆ ಮಾಡುವಾಗ ಅವಳು ಒಳಗೆ, ನಾನು ಹೊರಗೆ ದೀವಿಹಲಸಿನ ಮರದ ಕೆಳಗೆ. ಮೊದಲ ಎರಡು ನಿಮಿಷ ಓಡಿದರೆ ಸಾಕು ಎಂದು ನಾನೇ ಹೇಳಿಟ್ಟಿದ್ದೆ. ಪಾಪ, ಅವಳು ನೆಂಟರಿಗೆಲ್ಲ ಬರೆದ ಮೂವತ್ತೆರಡು ಡಿಸ್ಕುಗಳಲ್ಲೂ ಅಪ್ಪನ ಮುಖ ನೋಡಿ, ಕಣ್ಣು ಊದಿಸಿಕೊಂಡು ಹೊರಗೆ ಬಂದು, 'ಎಲ್ಲಾ ಸರಿಯಾಗಿದೆ ಅಣ್ಣಾ' ಎಂದಳು. ಅವಳ ತಪ್ಪೇನೂ ಇಲ್ಲ.

ಮೂಲ ಟೇಪಿನಿಂದ ಇನ್ನೊಮ್ಮೆ ಬರೆಯಬಹುದಿತ್ತಲ್ಲ ಎನ್ನಬಹುದು. ನಿಮ್ಮ ಫೋನ್ ಬರುವ ಹೊತ್ತಿಗೆ ಆ ಟೇಪಿನ ಮೇಲೆ ಬೇರೆಯವರ ಮದುವೆ ಏರಿಬಿಟ್ಟಿತ್ತು. ಅಂಗಡಿಯಲ್ಲಿರುವುದೇ ಐದು ಟೇಪು. ಫೂಸಿ ಅತ್ತೆಗೆ ಇದನ್ನೆಲ್ಲ ವಿವರಿಸಿದರೆ 'ಯಂತ್ರಕ್ಕೆ ಬಾಯಿಲ್ಲ ಅಂತ ಎಲ್ಲಾ ಅದರ ತಲೆಗೇ ಕಟ್ತೀಯಲ್ಲೋ' ಎಂದು ನಕ್ಕರು. ನಗಲಿ. ಅವರ ನಾಲಿಗೆ ಗೊತ್ತಿದ್ದದ್ದೇ, ಆದರೆ ನಿಮ್ಮ ಚಾಪೆಯನ್ನು ಅವರು ಮುಟ್ಟಲಿಲ್ಲ. ಸತ್ತವರ ಅಕ್ಕನಾಗಿ ಅವರಿಗೆ ಬೇಕೆಂದರೆ ಅದನ್ನೂ ಹೊತ್ತು ಹೋಗುವ ಹಕ್ಕಿತ್ತು, 'ಇದು ನನ್ನ ತಮ್ಮನಿಗೇ ಇರಲಿ' ಅಂದರು. ಕೆಂಪು ಗರಿಯ ಅಂಚು ಮೇಲೆ ಕಾಣುವಂತೆ ಗುಂಡಿಯಲ್ಲಿ ಹಾಸಿ, ಅದರ ಮೇಲೆ ಅಪ್ಪನನ್ನು ಇಳಿಸಿದರು. ನಾನು ಕಣ್ಣಾರೆ ಕಂಡಿದ್ದೇನೆ. ಸತ್ತವರ ಮಕ್ಕಳ ಜಾಗ ಎಲ್ಲರಿಗಿಂತ ಕೆಳಗೆ ಎಂದು ನಿಮಗೆ ಹೇಳಬೇಕಾಗಿಲ್ಲ. ಹತ್ತು ದಿನ ಹರಕು ಚಾಪೆ ಸುತ್ತಿಕೊಂಡು ಹಿಂದಿನ ಅಡುಗೆ ಕೊಟ್ಟಿಗೆಯಲ್ಲಿ ಒಲೆಯ ಹೊಗೆ ತಿಂದೆ. ನೀವು ಬಂದಿದ್ದರೆ ಆ ಹೊಗೆಯಲ್ಲಿ ನಿಮಗೂ ಪಾಲಿತ್ತು. ನಿಮಗೆ ರಜೆ ಸಿಗಲಿಲ್ಲ. ಎರಡು ವಾರ ಮುಂಚೆ ಮೆಲ್ಬರ್ನಿನಲ್ಲಿ ಚರ್ಚಿನ ಗಾಯನ ಸ್ಪರ್ಧೆಗೆ ಇದ್ದ ರಜೆಯೆಲ್ಲ ಮುಗಿದಿತ್ತಂತೆ. ಬಿಳಿ ಟೋಪಿಯಲ್ಲಿ ಚೆನ್ನಾಗಿ ಕಾಣುತ್ತಿದ್ದಿರಿ, ಫೋಟೋ ನೋಡಿದೆ. ಇದನ್ನು ಬರೆಯಬಾರದು ಎಂದು ಬೆಳಿಗ್ಗೆಯಿಂದ ಅಂದುಕೊಂಡಿದ್ದೆ, ಬರೆದಾಯಿತು.

ನನ್ನ ಮೇಲಿನ ಸಿಟ್ಟನ್ನು ಲೂಪೆಯ ಮೇಲೆ ತೀರಿಸಿಕೊಳ್ಳಬೇಡಿ ಅಕ್ಕಾ. 'ಅತ್ತೆ ಏನಂದ್ರು ಅಪ್ಪಾ?' ಎಂದು ಅವಳು ದಿನಾ ಕೇಳುತ್ತಾಳೆ, ನಾನು ದಿನಾ ಒಂದೊಂದು ಸುಳ್ಳು ಹೇಳುತ್ತೇನೆ. ಬನ್ನಿ. ನನ್ನ ಜೊತೆ ಮಾತಾಡದಿದ್ದರೂ ಸರಿಯೇ. ನಾನು ಹಂದಿ ಸುಡುವ ಕಡೆ ಇರುತ್ತೇನೆ, ನಿಮ್ಮ ಕಣ್ಣಿಗೆ ಬೀಳುವುದಿಲ್ಲ.

ಭಾವನಿಗೆ ನಮಸ್ಕಾರ, ಮಕ್ಕಳಿಗೆ ಮುತ್ತು. ದೇವರು ನಿಮ್ಮ ಮಂಡಿಯನ್ನೂ ಮನೆಯನ್ನೂ ಕಾಯಲಿ.

ನಿಮ್ಮ ತಮ್ಮ,
ತನಿಯೆಲ

ತಾ.ಕ.: ಅಂಟಿಸಿದ್ದ ಲಕೋಟೆಯನ್ನು ಹರಿದು ಇಷ್ಟು ಸೇರಿಸುತ್ತಿದ್ದೇನೆ. ಮೇಲಿನದು ಪೂರ್ತಿ ಅಲ್ಲ. ಮೊದಲ ಡಿಸ್ಕು ಬರೆದಾದ ದಿನ ಪಾಸೆಪಾ ಬೇಗ ಮನೆಗೆ ಹೋಗಿದ್ದಳು. ನಾನು ಬಾಗಿಲು ಹಾಕಿಕೊಂಡು ಕೊನೆಯವರೆಗೂ ನೋಡಿದೆ. ಚರ್ಚಿನ ಬಾಗಿಲಿಗೆ ನಿಂತಿತು. ಟೇಪು ಪಕ್ಕದಲ್ಲೇ ಇತ್ತು, 'ಬಿಡು' ಎಂಬ ಆ ಒಂದು ಗುರುತು ತೆಗೆದು ಮತ್ತೆ ಬರೆದಿದ್ದರೆ ಮುಗಿದಿತ್ತು. ಅಪ್ಪನ ಮಣ್ಣಿಗೆ ಬರದವಳಿಗೆ ಇಷ್ಟೇ ಸಾಕು, ಕೂತು ಹುಡುಕಲಿ ಎಂದುಕೊಂಡೆ. ಉಳಿದ ಮೂವತ್ತೊಂದನ್ನೂ ಹಾಗೇ ಬರೆದೆ. ಅದರ ಮುಂದಿನ ಶನಿವಾರದ ಮದುವೆಗೆ ಬೇರೆ ನಾಲ್ಕು ಟೇಪು ಖಾಲಿ ಇದ್ದವು, ನಾನು ಅಪ್ಪನದನ್ನೇ ತೆಗೆದುಕೊಂಡು ಹೋದೆ. ಇದನ್ನು ಓದಿದ ಮೇಲೂ ನಿಮಗೆ ಬರುವ ಮನಸ್ಸಾದರೆ ಬನ್ನಿ. ಬರದಿದ್ದರೆ, ನಿಮ್ಮ ಜಾಗ ಯಾಕೆ ಖಾಲಿ ಎಂದು ಲೂಪೆಗೆ ನಾನೇ ಹೇಳಬೇಕು.