ಮೂರು ಚುಕ್ಕೆಯ ಉಳಿ

ಮಾರ್ಚ್ ೯, ಭಾನುವಾರ ಮಧ್ಯಾಹ್ನ

ನನ್ನ ಮುದ್ದಿನ ತಮ್ಮನಿಗೆ,

ಅಕ್ಕನ ಆಶೀರ್ವಾದ. ನಿನ್ನ ಕಾಗದ ಬಂದು ಎರಡು ತಿಂಗಳಾಯಿತು. ಉತ್ತರವಿಲ್ಲವೆಂದು ಮುಖ ಊದಿಸಿಕೊಂಡು ಕೂತಿರುತ್ತೀಯ, ಗೊತ್ತು. ಹುಟ್ಟುವ ಮಗುವಿಗೆ ತೊಟ್ಟಿಲು ಮಾಡುತ್ತಿದ್ದೇನೆ, ಅಪ್ಪನ ಒಂದು ಉಳಿಯಾದರೂ ಇದ್ದಿದ್ದರೆ ಎಂದು ಬರೆದಿದ್ದೆಯಲ್ಲ, ಕೇಳು: ಅವರ ಉಳಿಪೆಟ್ಟಿಗೆ ಅಟ್ಟದಲ್ಲಿ ಸಿಕ್ಕಿದೆ.

ಎಲ್ಲವೂ ತುಕ್ಕು ಹಿಡಿದು ಒಂದೇ ಬಣ್ಣವಾಗಿದ್ದವು. ಹುಣಸೆಹಣ್ಣು ಕಿವುಚಿದ ನೀರಿನಲ್ಲಿ ಒಂದೊಂದನ್ನೇ ನೆನೆಹಾಕಿ, ತೆಂಗಿನ ನಾರಿನಿಂದ ತಿಕ್ಕಿ, ಬಿಸಿಲಿಗಿಟ್ಟು, ಅಗಸೆ ಎಣ್ಣೆ ಸವರುತ್ತಿದ್ದೇನೆ. "ಹುಣಸೆಹಣ್ಣೆಲ್ಲ ಕಬ್ಬಿಣಕ್ಕೇ ತಿನ್ನಿಸ್ತಿದ್ದೀಯಲ್ಲೇ, ನಮಗೂ ಒಂದಿಷ್ಟು ಉಳಿಸು" ಎನ್ನುತ್ತಾರೆ ನಿನ್ನ ಭಾವ. ಮೊದಲ ಸಲ ಮರ ಕೆತ್ತುವ ಬಾಚಿಯನ್ನು ನೀರಲ್ಲೇ ಎರಡು ದಿನ ಮರೆತೆ. ಹುಳಿ ಕಬ್ಬಿಣವನ್ನೇ ತಿಂದು ಮೈಯೆಲ್ಲ ಸಿಡುಬಿನ ಕಲೆ ಮಾಡಿತು. ಈಗ ಪಕ್ಕದಲ್ಲೇ ಕಾವಲು ಕೂರುತ್ತೇನೆ.

ಕೂತಲ್ಲೇ ನೀರು ಮೆಲ್ಲಗೆ ಕಪ್ಪಾಗುತ್ತದೆ, ಬಿಸಿಲು ಗೋಡೆ ಹತ್ತುತ್ತದೆ, ಕಣ್ಣು ಎಳೆಯುತ್ತದೆ. ಆಗ ಅಪ್ಪನ ಉಜ್ಜುಗೊರಡು ಓಡುವ ಸದ್ದು ಕೇಳಿಸುತ್ತದೆ. ಹೆರೆದ ಮರದ ಸುರುಳಿಗಳು ಮೊಣಕಾಲುದ್ದ ಬಿದ್ದಿವೆ, ನೀನು ಅದರಲ್ಲಿ ಹೊರಳಾಡುತ್ತಿದ್ದೀಯ, ನಾನು ಸಾಣೆಕಲ್ಲಿನ ಮುಂದೆ ಇದ್ದೇನೆ. ಏಳುವುದೇ ಬೇಡ ಅನ್ನಿಸುತ್ತದೆ.

"ಸಾಣೆ ಹಿಡಿಯೋದು ನಿನ್ನ ಕೈಗೇ ಬರೋದು ಮಗಳೇ" ಎನ್ನುತ್ತಿದ್ದರು ಅಪ್ಪ. ಹನ್ನೊಂದು ವರ್ಷ ಹಿಡಿದೆ. ಮರ ಮುಟ್ಟಲು ಮಾತ್ರ ನೀನು. ಕಬ್ಬಿಣದ ಮೇಲೆ ಅವರು ಹೊಡೆಯುತ್ತಿದ್ದ ಗುರುತು ನೆನಪಿದೆಯಾ? ಒಂದು ಚುಕ್ಕೆ ಅಪ್ಪನದು, ಎರಡು ಚುಕ್ಕೆ ನಿನ್ನದು. ನಿನ್ನ ಏಳು ಉಳಿಗಳೂ ಹೊಳೆಯುತ್ತಿವೆ. ತೊಟ್ಟಿಲು ಮುಗಿಯುವ ಮೊದಲೇ ಬಂದು ತೆಗೆದುಕೊಂಡು ಹೋಗು.

ನಿನ್ನ ಹೆಂಡತಿಗೆ ಭಾರ ಎತ್ತಬೇಡ ಎಂದು ಹೇಳು. ತಾಯಿ ಮಗು ಸುಖವಾಗಿರಲಿ, ನಿನ್ನ ಕೈಗೆ ಸೋಲು ಬಾರದಿರಲಿ.

ನಿನ್ನ ಅಕ್ಕ

ತಾ.ಕ.: ಅಟ್ಟದಲ್ಲಿ ಸಿಕ್ಕಿತು ಅಂದದ್ದು ಸುಳ್ಳು. ಅಪ್ಪ ತೀರಿಕೊಂಡ ವಾರ ನೀನು ಕೇಳಿದಾಗ, ಅವರೇ ಮಾರಿಬಿಟ್ಟಿದ್ದಾರೆ ಅಂದದ್ದೂ ಸುಳ್ಳು. ಒಂಬತ್ತು ವರ್ಷ ಆ ಪೆಟ್ಟಿಗೆ ನನ್ನ ಮಂಚದ ಕೆಳಗೇ ಇತ್ತು. ಎಲ್ಲ ನಿನಗೇ, ನನ್ನ ಪಾಲಿಗೆ ಒಂದು ಚುಕ್ಕೆಯೂ ಇಲ್ಲ ಎಂಬ ಹೊಟ್ಟೆಕಿಚ್ಚಿನಲ್ಲಿ ಮುಚ್ಚಳವನ್ನೇ ತೆಗೆಯಲಿಲ್ಲ. ಮೊನ್ನೆ ಅದರ ತಳದಲ್ಲಿ, ಬಟ್ಟೆ ಸುತ್ತಿದ, ಒಮ್ಮೆಯೂ ಬಳಸದ ಉಳಿಯೊಂದು ಸಿಕ್ಕಿತು. ಹಿಡಿ ಚಿಕ್ಕದು, ನನ್ನ ಕೈ ಅಳತೆಯದು. ತುಕ್ಕು ಬಿಟ್ಟ ಮೇಲೆ ನೋಡಿದರೆ ಮೂರು ಚುಕ್ಕೆ. ಅದೊಂದನ್ನು ನಾನು ಇಟ್ಟುಕೊಳ್ಳಲೇನೋ?